ತಿಕೋಟಾ ದಾಟಿದ ಮೇಲಿನ ಏರು

ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ ದುರಸ್ತಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಈಚೆಗೆ ಒಂದು ಸಂಜೆ ನಮ್ಮ ಮನೆಗೆ ಬಂದರು. ಹೆಣ್ಣುಮಕ್ಕಳಿಗಾಗಿ ಒಂದು ಸೈಕಲ್ ರೇಸ್ ಇಡಬೇಕೆಂದು ಅವರೂ ಅವರ ಗೆಳೆಯರೂ ನಿಶ್ಚಯಿಸಿದ್ದರು. ವಿಜಯಪುರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ಮತ್ತೆ ವಿಜಯಪುರ. ದಾರಿಯಲ್ಲಿ ಒಟ್ಟು ಎಷ್ಟು ಏರು ಬರುತ್ತದೆ ಎಂದು ಹೊರಜಿಲ್ಲೆಯ ಹುಡುಗಿಯರು ಕೇಳುತ್ತಿದ್ದರಂತೆ. ಮೂವರು ಮೂರು ಫೋನ್ ಹಿಡಿದು ಹೋಗಿ ಬಂದರೆ ಮೂರೂ ಬೇರೆ ಬೇರೆ ಲೆಕ್ಕ ತೋರಿಸಿದ್ದವು.

“ಟೀಚರ್, ನೀವು ಗಣಿತಾ ಕಲಸವ್ರು, ಒಂದ ಕಾಲಕ್ಕ ಸೈಕಲ್ಲೂ ಹೊಡದವ್ರು. ನೀವ ಅಳದ ಕೊಡ್ರಿ,” ಎಂದರು.

ಒಪ್ಪಿಕೊಂಡೆ. ಅವರು ಹೋದ ಮೇಲೆ ಎಣಿಸಿ ನೋಡಿದೆ. ತಿಕೋಟಾದಿಂದ ಬಬಲೇಶ್ವರದ ಕಡೆಗೆ ನಾನು ಸೈಕಲ್ ತುಳಿಯದೆ ಹದಿನೆಂಟು ವರ್ಷಗಳಾಗಿದ್ದವು.

ಆಗ ನಾವಿಬ್ಬರು. ನಾನು ಶಹರದ ಹುಡುಗಿ, ನನ್ನ ಅಬ್ಬಾ ಟೇಲರ್ ಕೆಲಸ ಮಾಡುವವರು. ಅವಳು ನಿಡೋಣಿಯ ಒಕ್ಕಲುತನದ ಮನೆಯವಳು. ಸೈಕಲ್ ತರಬೇತಿಯ ಹಾಸ್ಟೆಲ್ಲಿನಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ. ಬೆಳಗಿನ ಐದಕ್ಕೆ ಅವಳೇ ನನ್ನ ಹೊದಿಕೆ ಎಳೆದು “ಏಳ ಬೇ, ಗಾಳಿ ಏಳೂದ್ರಾಗ ಹೋಗೂಣು” ಎನ್ನುತ್ತಿದ್ದಳು. ಅವಳದು ಗಟ್ಟಿ ಮೈ, ಅಗಲವಾದ ಬೆನ್ನು. ನಾನು ಕಡ್ಡಿ. ಎದುರುಗಾಳಿ ಬೀಸಿದರೆ ಅವಳು ಮುಂದೆ ಹೋಗುತ್ತಿದ್ದಳು, ನಾನು ಅವಳ ಹಿಂದಿನ ಗಾಲಿಗೆ ಒಂದು ಗೇಣು ಬಿಟ್ಟು ಅಂಟಿಕೊಳ್ಳುತ್ತಿದ್ದೆ. ಗಾಳಿಯೆಲ್ಲ ಅವಳಿಗೆ, ನನಗೆ ಬರೀ ಅವಳ ಉಸಿರಿನ ಸದ್ದು. ನಾಲ್ಕು ವರ್ಷ ನಾನು ನೋಡಿದ ಬೆಳಗೆಂದರೆ ಅವಳ ಬೆನ್ನು, ಬೆವರಿಗೆ ಅಂಟಿದ ಜಡೆ, ಎರಡೂ ಪಕ್ಕಕ್ಕೆ ದ್ರಾಕ್ಷಿ ತೋಟ.

ತಿಕೋಟಾ ದಾಟಿ ಬಬಲೇಶ್ವರದ ಕಡೆ ಹೊರಳಿ, ಒಂದು ಹಳ್ಳ ಕಳೆದ ಮೇಲೆ ಮಾತ್ರ ಅವಳು ನಿಧಾನವಾಗುತ್ತಿದ್ದಳು. “ಇಲ್ಲೆ ಏರು ಐತಿ ಬೇ,” ಎನ್ನುತ್ತಿದ್ದಳು. ಕಣ್ಣಿಗೆ ಏನೂ ಕಾಣದು. ಎರೆಹೊಲ ಚಾಪೆ ಹಾಸಿದಂತೆ ಮಲಗಿರುತ್ತಿತ್ತು. ಆದರೆ ಅಲ್ಲಿ ನನ್ನ ತೊಡೆಯೂ ಉರಿಯುತ್ತಿತ್ತು. ನಾನು ಹಗುರ, ಬೇಗ ಪಾರಾಗುತ್ತಿದ್ದೆ, ಅಷ್ಟೇ.

ರಾಜ್ಯದ ತಂಡಕ್ಕೆ ಒಬ್ಬಳನ್ನು ಆರಿಸುವ ದಿನವೂ ಅದೇ ದಾರಿ. ತಿಕೋಟಾದವರೆಗೂ ಪಡುವಣ ಗಾಳಿಗೆ ಅವಳು ಎದೆ ಕೊಟ್ಟಳು, ನಾನು ಅವಳ ಹಿಂದೆ ಬೆಚ್ಚಗೆ ಬಂದೆ. ಹಳ್ಳ ದಾಟಿದ ಮೇಲೆ ಅವಳನ್ನು ಹಿಂದೆ ಹಾಕಿದೆ. ಬಬಲೇಶ್ವರದ ಗುರಿಯಲ್ಲಿ ನಿಂತಿದ್ದ ತರಬೇತಿಯ ಗುರುಗಳು ಅವಳು ಇಳಿಯುವ ಮೊದಲೇ ಬಯ್ಯತೊಡಗಿದರು. “ಸಪಾಟ ರಸ್ತೇದಾಗ ಹಿಂದ ಬೀಳ್ತಿ ಅಂದ್ರ ನಿನಗ ಮನಸ್ಸಿಲ್ಲ. ಮನೀಗೆ ಹೋಗ.”

“ಸಪಾಟ ಅಲ್ರಿ ಸರ್, ಅಲ್ಲೆ ಏರು ಐತ್ರಿ,” ಎಂದಳು ಅವಳು.

ಗುರುಗಳು ನನ್ನ ಕಡೆ ತಿರುಗಿದರು. “ಏನವಾ, ಏರು ಐತೇನು?”

ಅವಳೂ ನನ್ನನ್ನೇ ನೋಡುತ್ತಿದ್ದಳು.

“ಇಲ್ರಿ ಸರ್,” ಎಂದೆ.

ಆ ವಾರವೇ ಅವಳು ಟ್ರಂಕು ಕಟ್ಟಿಕೊಂಡು ಊರಿಗೆ ಹೋದಳು. ನಾನು ಎರಡು ವರ್ಷ ರಾಜ್ಯದ ತಂಡಕ್ಕೆ ಸೈಕಲ್ ತುಳಿದೆ. ಹೇಳಿಕೊಳ್ಳುವಂಥದ್ದೇನೂ ಗೆಲ್ಲಲಿಲ್ಲ. ಮುಂದೆ ಅವಳ ಬೆನ್ನಿಲ್ಲದೆ ಎದುರುಗಾಳಿಯಲ್ಲಿ ನಾನು ಏನೂ ಅಲ್ಲ ಎಂದು ಬೇಗ ತಿಳಿಯಿತು.

ಅಳೆಯಲು ಗಾಳಿಯ ಒತ್ತಡದಿಂದ ಎತ್ತರ ಹೇಳುವ ಸಣ್ಣ ಯಂತ್ರವೊಂದನ್ನು ಅಂಗಡಿಯವರೇ ತಂದು ಹ್ಯಾಂಡಲಿಗೆ ಕಟ್ಟಿದರು. ಪ್ರತಿ ಕಿಲೋಮೀಟರ್ ಕಲ್ಲಿನ ಬಳಿ ಇಳಿದು ಪುಸ್ತಕದಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದೆ. ಬಿಸಿಲೇರಿ ಒತ್ತಡ ಬದಲಾದರೆ ಯಂತ್ರವೂ ತಪ್ಪುತ್ತದೆ. ಅದಕ್ಕೇ ಮೂರು ದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಟೆ. ಹೊರಟ ಜಾಗಕ್ಕೆ ಮರಳಿದಾಗ ಎತ್ತರ ಮೊದಲಿನಷ್ಟೇ ತೋರಿಸಬೇಕು. ಎಷ್ಟು ಹೆಚ್ಚುಕಮ್ಮಿ ಇದೆಯೋ ಅದನ್ನು ಇಡೀ ದಾರಿಗೆ ಹಂಚಿ ತಿದ್ದುತ್ತಿದ್ದೆ. ರೇಸಿನ ಈ ಲೆಕ್ಕದಲ್ಲಿ ಏರಿದ್ದನ್ನಷ್ಟೇ ಕೂಡಿಸಬೇಕು, ಇಳಿದದ್ದನ್ನು ಕಳೆಯುವ ಹಾಗಿಲ್ಲ. ಶಾಲೆಯ ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಕಾಲಿಗೆ ಕೇಳಿದರೆ ಅದೇ ಸರಿ ಎನ್ನುತ್ತದೆ.

ಮೂರೂ ದಿನ ಹಳ್ಳದ ಆಚೆಯ ಕಲ್ಲುಗಳ ಅಂಕಿ ಒಂದೇ ಮಾತು ಹೇಳಿತು. ಒಂದೊಂದು ಕಲ್ಲಿಗೂ ಸ್ವಲ್ಪ ಸ್ವಲ್ಪ ಮೇಲೆ, ಎಲ್ಲೂ ಬಿಡುವಿಲ್ಲದೆ. ಕೂಡಿಸಿದರೆ ನಮ್ಮ ಓಣಿಯ ನೀರಿನ ಟಾಕಿಯನ್ನು ಒಂದರ ಮೇಲೊಂದು ಎರಡು ಇಟ್ಟಷ್ಟು ಎತ್ತರ. ಮೂರನೆಯ ದಿನ ಏರಿನ ಕೊನೆಯ ಕಲ್ಲಿನ ಮೇಲೆ ಕೂತು ಹಿಂದಕ್ಕೆ ನೋಡಿದೆ. ರಸ್ತೆ ಖಾಲಿಯಾಗಿತ್ತು. ಅವಳು ಆ ರಸ್ತೆಯಲ್ಲಿ ತಲೆ ತಗ್ಗಿಸಿ ತುಳಿಯುತ್ತಾ ಬರಬಾರದೇ ಎಂದು ಎಷ್ಟು ಅನ್ನಿಸಿತೆಂದರೆ, ಎದ್ದು ನಿಂತು ನೋಡಿದೆ.

ಅವಳನ್ನು ತಿಕೋಟಾಕ್ಕೆ ಕೊಟ್ಟಿದ್ದಾರೆಂದು ಕೇಳಿದ್ದೆ. ಆ ದಿನದ ಸುತ್ತು ಮುಗಿಸಿ, ಅಂದೇ ಅಲ್ಲಿಗೆ ಸೈಕಲ್ ತಿರುಗಿಸಿದೆ. ವಿಚಾರಿಸುತ್ತಾ ಹೋದರೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಸಿಕ್ಕಳು. ಸಾಲು ಸಾಲು ಬಲೆಗಳ ಮೇಲೆ ಹಸಿರು ಹಣ್ಣು ಹರವಿದ್ದರು. ಕೆಲಸದ ಹೆಂಗಸರಿಗೆ ಏನೋ ಹೇಳುತ್ತಿದ್ದವಳು ನನ್ನನ್ನು ಕಂಡು ಕೈ ಒರೆಸಿಕೊಂಡಳು. ಮೊದಲು ನೋಡಿದ್ದು ನನ್ನ ಸೈಕಲ್ಲನ್ನು.

“ಏನ ಬೇ, ಇನ್ನೂ ಹೊಡೀತಿ?”

“ರಸ್ತಾ ಅಳ್ಯಾಕತ್ತೇನಿ,” ಎಂದೆ. ಬೇರೆ ಮಾತು ತೋಚಲಿಲ್ಲ. “ಹಳ್ಳದ ಆಚೆ ಏರು ಐತಿ. ಮೂರು ಸಲ ಅಳದೇನಿ.”

ನನ್ನ ಪುಸ್ತಕ ತೆಗೆದುಕೊಂಡು ಅಂಕಿಗಳ ಮೇಲೆ ಬೆರಳಾಡಿಸಿದಳು.

“ನನ್ನ ಕಾಲಿಗೆ ಗೊತ್ತಿತ್ತು. ನಿನ್ನ ಕಾಲಿಗೂ ಗೊತ್ತಿತ್ತು.”

“ಹೂಂ, ಗೊತ್ತಿತ್ತು. ನಾ ಸುಳ್ಳು ಹೇಳಿದೆ.”

“ಮದುವಿ ಆದ ಮ್ಯಾಲೂ ಐದಕ್ಕ ಎಚ್ಚರ ಆಗ್ತಿತ್ತು,” ಎಂದಳು ಪುಸ್ತಕ ಮರಳಿಸುತ್ತಾ. “ಎದ್ದು ಸುಮ್ನ ಕುಂದರ್ತಿದ್ದೆ. ಬಾಳ ವರ್ಷ. ಆಮ್ಯಾಲ ಅದೂ ಹೋತು.”

ನಾನು ಅತ್ತೆ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಚಹಾ ತರಿಸಿದಳು. ಒಂದು ದಿನ ಜೊತೆಗೆ ಆ ದಾರಿಯಲ್ಲಿ ಹೋಗೋಣವೇ ಎಂದು ನಾನು ಕೇಳಿದಾಗ, “ಈಗ ಸುಗ್ಗಿ. ಉಸಿರಾಡಾಕ ಪುರಸೊತ್ತಿಲ್ಲ,” ಎಂದಷ್ಟೇ ಹೇಳಿದಳು. ರೇಸಿಗಾದರೂ ಬಾ ಎಂದೆ. “ನೋಡ್ತೇನಿ,” ಎಂದಳು.

ರೇಸಿನ ದಿನ ನಾನು ಬೇಕೆಂದೇ ಹಳ್ಳದ ಆಚೆ ಕಾವಲಿಗೆ ನಿಂತೆ. ಅಂಗಡಿಯವರು ನನ್ನ ಲೆಕ್ಕವನ್ನು ಅಚ್ಚು ಹಾಕಿಸಿ ಎಲ್ಲ ಹುಡುಗಿಯರಿಗೂ ಕೊಟ್ಟಿದ್ದರು. ಎಲ್ಲಿಂದ ಏರು, ಎಲ್ಲಿಯವರೆಗೆ ಎಂದು ಅವರಿಗೆ ಮೊದಲೇ ಗೊತ್ತಿತ್ತು, ಗೇರ್ ಬದಲಿಸಿಕೊಂಡು ಬಂದರು. ದಪ್ಪ ಹುಡುಗಿಯೊಬ್ಬಳು ಹಿಂದೆ ಬಿದ್ದರೂ ಹೆದರಲಿಲ್ಲ, ಏರು ಮುಗಿದ ಮೇಲೆ ಮತ್ತೆ ಗುಂಪನ್ನು ಕೂಡಿಕೊಂಡಳು. ನಾನು ಅವರನ್ನು ನೋಡಿದ್ದಕ್ಕಿಂತ ತಿಕೋಟಾದ ಕಡೆಯಿಂದ ಬರುವ ಬೈಕು, ಟಂಟಂ ಆಟೊ ನೋಡಿದ್ದೇ ಹೆಚ್ಚು. ಅವಳು ಬರಲಿಲ್ಲ.

ಮೂರು ವಾರ ಕಳೆದು ಒಂದು ರವಿವಾರ ಮಧ್ಯಾಹ್ನ ಅವಳ ಫೋನ್ ಬಂತು. ಯಾರು ಗೆದ್ದರು, ಗಾಳಿ ಎಷ್ಟಿತ್ತು, ಈಗಿನ ಸೈಕಲ್ಲಿಗೆ ಎಷ್ಟು ಗೇರ್ ಇರುತ್ತವೆ ಎಂದು ಒಂದೊಂದಾಗಿ ಕೇಳಿದಳು. ನಾನು ಮಾತು ಮುಗಿಯಬಾರದೆಂದು ಉದ್ದುದ್ದ ಉತ್ತರ ಕೊಟ್ಟೆ. ನಡುವೆ ಯಾರೋ ಅವಳನ್ನು ಕರೆದರು.

“ಇಡ್ತೇನಿ ಬೇ, ಮಾಲು ತುಂಬಾಕ ಗಾಡಿ ಬಂದೈತಿ,” ಎಂದಳು.

ಫೋನ್ ಇಟ್ಟಾಯಿತು. ನಾನು ಹೊರಗೆ ಬಂದು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತೆ.