ಗಂಬಳಿಯ ಮೇಲಿನ ಅರಿಸಿನದ ಹೆಜ್ಜೆ

ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಿ. ನಾನು ರತ್ನಗಂಬಳಿ, ಅಂದರೆ ಉಣ್ಣೆಯ ದೊಡ್ಡ ಹಾಸು ತೊಳೆಯುವವನು. ಹಂಪಾಪುರದ ಗೌಡರೊಬ್ಬರ ಸೊಸೆ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಮಗನ ಎರಡನೆಯ ಮದುವೆಗೆಂದು ಗಂಬಳಿ ತೊಳೆಸುತ್ತಿದ್ದರು. ಸೋಪಿನ ನೀರು ಬಿದ್ದೊಡನೆ, ಕಾಣದಷ್ಟು ಮಾಸಿದ್ದ ಎರಡು ಪುಟ್ಟ ಹೆಜ್ಜೆಗಳು ಕೆಂಪಗೆ ಎದ್ದವು. ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ ಅವಳು ಅರಿಸಿನದ ಕಾಲಲ್ಲಿ ತುಳಿದದ್ದು.

“ಹೋಯ್ತದೇನಪ್ಪ?” ಎಂದರು ಗೌಡರ ಹೆಂಡತಿ.

“ಹುಣಿಸೆ ನೀರು ಹಾಕಿದ್ರೆ ಕೆಂಪು ಹೋಯ್ತದೆ ಕಣವ್ವ.”

“ಒಸಿ ತಡಿ. ನನ್ನ ಮಗ ಒಂದ್ಸಲ ನೋಡ್ಕಳ್ಳಿ.”

ಮಗ ಬಂದು ಹೆಜ್ಜೆಗಳ ಪಕ್ಕ ಕೂತವನು ಏಳಲೇ ಇಲ್ಲ. ನಾನು ಹುಣಿಸೆ ನೀರು ಹಿಡಿದು ನಿಂತೇ ಇದ್ದೆ. ಇದು ಪವಾಡವಲ್ಲ, ಸೋಪು ತಗುಲಿದರೆ ಅರಿಸಿನ ಕೆಂಪಾಗುತ್ತದೆ. ಹುಳಿ ತಗುಲಿದರೆ ಮತ್ತೆ ಹಳದಿ. ಆದರೆ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಉಣ್ಣೆಯ ಎಳೆಯೊಳಗೆ ಅದು... ತಾಳಿ, ನನ್ನ ಹೆಂಡತಿ ಕೂಗುತ್ತಿದ್ದಾಳೆ.