ದೇವರಿಗೆ ದಾರಿ ಹೇಳುವವನು

ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು, ನಾನು ದೇವರಿಗೆ ದಾರಿ ಹೇಳಲು ಶುರುಮಾಡುತ್ತೇನೆ. "ಕರ್ತನೇ, ತಂಗಿಯ ಮಗಳಿಗೆ ಇಂದು ಇಂಟರ್‌ವ್ಯೂ. ಗಾಂಧಿ ಬಜಾರಿನ ಹಿಂದಿನ ರಸ್ತೆ, ಬಟ್ಟೆ ಅಂಗಡಿಯ ಮೇಲ್ಗಡೆ, ಮೆಟ್ಟಿಲು ಪಕ್ಕದ ಸಂದಿಯಲ್ಲಿದೆ" ಎನ್ನುವವರೆಗೂ ನನಗೆ ಸಮಾಧಾನವಿಲ್ಲ. ಆಕಾಶವನ್ನೂ ಭೂಮಿಯನ್ನೂ ಮಾಡಿದವನಿಗೆ ಶಿವಮೊಗ್ಗದ ಒಂದು ಸಂದಿ ಗೊತ್ತಿರುವುದಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿರುತ್ತದೆ. ಆದರೂ ಒಂದು ಮಾತು ಹೇಳಿಬಿಟ್ಟರೆ ಒಳ್ಳೆಯದು.

ಇದು ಕೆಲಸದಿಂದ ಅಂಟಿಕೊಂಡ ಚಾಳಿ. ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಲಾರಿಗಳಿಗೆ ದಾರಿ ಹೇಳುತ್ತಲೇ ನಾನು ನಿವೃತ್ತನಾದೆ. ಕನ್ನಡ, ತಮಿಳು, ತೆಲುಗು, ಯಾವ ಭಾಷೆಯ ಡ್ರೈವರ್ ಬಂದರೂ ಎಡ ಬಲ ತೋರಿಸಿ ಒಳಗೆ ಕಳಿಸುತ್ತಿದ್ದೆ. ಈಗ ಲಾರಿಗಳಿಲ್ಲ, ದೇವರೊಬ್ಬನೇ ಸಿಕ್ಕಿದ್ದಾನೆ.

ನನ್ನ ಹೆಂಡತಿ ಸುಗುಣಳ ಕ್ರಮವೇ ಬೇರೆ. ಅವಳು ಅಕ್ಕಿ ಆರಿಸುತ್ತಾ ಪ್ರಾರ್ಥಿಸುತ್ತಾಳೆ, ತುಟಿ ಅಲುಗುವುದೂ ಕಾಣುವುದಿಲ್ಲ. ಏನು ಬೇಡಿಕೊಂಡೆ ಎಂದು ಕೇಳಿದರೆ "ಹೇಳಿ ಆಯ್ತು" ಎನ್ನುತ್ತಾಳೆ. ಇಷ್ಟರಲ್ಲೇ ದೇವರಿಗೆ ವಿಷಯ ಅರ್ಥವಾಗಿರುತ್ತದೆಯೇ ಎಂದು ನನಗೆ ಅನುಮಾನ. ಹಾಗಾಗಿ ಅವಳ ಪಾಲಿನ ವಿವರಗಳನ್ನೂ ನಾನೇ ಒಪ್ಪಿಸುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಶಿವಮೊಗ್ಗದ ಡಾಕ್ಟರು ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ವಾರ ಬಿಟ್ಟು ಬನ್ನಿ ಎಂದರು. ಆ ವಾರವೆಲ್ಲ ನನಗೆ ನಿದ್ದೆ ಇಲ್ಲ. ರವೀಂದ್ರನಗರದ ಲ್ಯಾಬಿಗೆ ಹೋಗುವ ದಾರಿಯನ್ನು ದೇವರಿಗೆ ಎಷ್ಟು ಸಲ ಹೇಳಿದೆನೋ. ಒಮ್ಮೆ ಅಡ್ಡರಸ್ತೆ ತಪ್ಪು ಹೇಳಿದೆನೆಂದು ಗಾಬರಿಯಾಗಿ ಎದ್ದು ಕೂತು ತಿದ್ದುಪಡಿಯನ್ನೂ ಕಳಿಸಿದೆ. ನಗಬೇಡಿ, ನಾನು ನಿಜಕ್ಕೂ ಹೆದರಿದ್ದೆ. ಅವಳಿಲ್ಲದ ಅಡುಗೆಮನೆ ನೆನಪಿಗೆ ಬಂದರೆ ಎದ್ದು ಹೋಗಿ ಅಲ್ಲಿನ ದೀಪ ಹಾಕಿ ನೋಡಿ ಬರುತ್ತಿದ್ದೆ.

ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಯೇಸುಸ್ವಾಮಿ ದಿಂಬಿಗೆ ತಲೆಯೊರಗಿಸಿ ಮಲಗಿಬಿಟ್ಟಿದ್ದರಂತೆ; ಹೆದರಿದ ಶಿಷ್ಯರು ಎಬ್ಬಿಸಿದ ಮೇಲೆ ಎದ್ದು ಗಾಳಿಯನ್ನು ಗದರಿಸಿದರಂತೆ. ಚರ್ಚಿನಲ್ಲಿ ಈ ಕಥೆ ಬಂದಾಗಲೆಲ್ಲ ಸಭೆಯವರು ಸಮುದ್ರ ಶಾಂತವಾದುದನ್ನು ನೆನೆದರೆ, ನನಗೆ ಆ ದಿಂಬಿನದೇ ಯೋಚನೆ. ಮೀನಿನ ದೋಣಿಗೆ ದಿಂಬು ತಂದವರು ಯಾರು? ಅಂಥ ಗಾಳಿಯಲ್ಲಿ ಕಣ್ಣು ಹತ್ತುವುದಾದರೂ ಹೇಗೆ? ನಾನಂತೂ ಅವರನ್ನು ಎಬ್ಬಿಸಿದ ಶಿಷ್ಯರ ಪಕ್ಷ. ನಾನಿದ್ದಿದ್ದರೆ ಎಬ್ಬಿಸುವುದಷ್ಟೇ ಅಲ್ಲ, ದಡ ಯಾವ ಕಡೆ ಎಂದೂ ತೋರಿಸುತ್ತಿದ್ದೆ.

ನಮ್ಮ ಸಭೆಯ ಬುಧವಾರದ ಮನೆ ಪ್ರಾರ್ಥನೆಗೆ ಒಂದು ಪದ್ಧತಿಯಿದೆ. ಅಲ್ಲಿ ಯಾರೂ ತಮ್ಮ ಚಿಂತೆಗೆ ತಾವೇ ಪ್ರಾರ್ಥಿಸುವಂತಿಲ್ಲ. ಚಾಪೆಯ ಮೇಲೆ ಸುತ್ತಲೂ ಕೂತು ಒಬ್ಬೊಬ್ಬರೂ ತಮ್ಮ ಚಿಂತೆ ಹೇಳಬೇಕು, ಎಡಗಡೆ ಕೂತವರು ಅದನ್ನು ದೇವರ ಮುಂದಿಡಬೇಕು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂರುವುದರಿಂದ ಹೆಂಡತಿಯ ಚಿಂತೆ ಗಂಡನ ಪಾಲಿಗೆ ಬರುವುದು ಕಡಿಮೆ. ಆ ಬುಧವಾರ ನಮ್ಮ ಮನೆಯ ಸರದಿ. ಮರುದಿನವೇ ವರದಿ ತರಲು ಹೋಗಬೇಕಿತ್ತು. ಸುಗುಣ ಟೀಗೆ ಹಾಲು ಕಾಯಿಸಿಟ್ಟು ಬರುವಷ್ಟರಲ್ಲಿ ಹೆಂಗಸರ ಕಡೆ ಜಾಗವಿರಲಿಲ್ಲ.

"ಅಲ್ಲೇ ಕೂತ್ಕೋ ಮಾರಾಯ್ತಿ, ನಿನ್ನ ಗಂಡನೇ ಅಲ್ವಾ" ಎಂದರು ಸಭೆಯ ಹಿರಿಯ ರೂಬೆನಣ್ಣ. ಅವಳು ನನ್ನ ಬಲಕ್ಕೆ ಕೂತಳು.

ನಾನು ಒಳಗೊಳಗೇ ಸಿದ್ಧನಾದೆ. ಗಂಟು, ಡಾಕ್ಟರು, ಲ್ಯಾಬು, ಅಡ್ಡರಸ್ತೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಅವಳ ಸರದಿ ಬಂತು.

"ನನ್ನ ಗಂಟಿನ ವಿಷಯ ದೇವರಿಗೆ ಹೇಳಿ ಆಯ್ತು" ಎಂದಳು. "ಇವರು ಒಂದು ವಾರದಿಂದ ಮಲಗ್ತಾ ಇಲ್ಲ. ನಂಗೆ ಇವರದ್ದೇ ಚಿಂತೆ. ಇವರಿಗೆ ಚೆನ್ನಾಗಿ ನಿದ್ದೆ ಬರ್ಲಿ ಅಂತ ಪ್ರಾರ್ಥನೆ ಮಾಡಿ."

ಎಲ್ಲರೂ ತಲೆ ಬಾಗಿಸಿ ಕಾದರು. ಇಡೀ ಶಿವಮೊಗ್ಗಕ್ಕೆ ದಾರಿ ಹೇಳಬಲ್ಲ ನನಗೆ, ನನ್ನವರೆಗೆ ಬರುವ ದಾರಿಯನ್ನು ದೇವರಿಗೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. "ಅಪ್ಪಾ, ಅವಳು ಹೇಳಿದ್ದು ಕೇಳಿಸ್ತಲ್ಲ" ಎಂದೆ. ಅಷ್ಟೇ. ರೂಬೆನಣ್ಣನೇ ಆಮೆನ್ ಹೇಳಿ ಮುಗಿಸಿದರು. ಟೀ ಇಷ್ಟು ಬೇಗ ಸಿಕ್ಕಿತಲ್ಲ ಎಂದು ಒಂದಿಬ್ಬರಿಗೆ ಸಂತೋಷವೂ ಆಗಿರಬೇಕು.

ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗದ ಬಸ್ಸು ಹತ್ತಿದೆವು. ಹೊಳೆಯ ಮೇಲೆ ಮಂಜು ಕವಿದು ಸೇತುವೆ ಅರ್ಧ ಮಾತ್ರ ಕಾಣುತ್ತಿತ್ತು, ಉಳಿದರ್ಧವನ್ನು ಬಸ್ಸು ನಂಬಿಕೆಯಿಂದಲೇ ದಾಟಿತು. ಕಿಟಕಿಯಾಚೆ ಗದ್ದೆಗಳು ಬಂದವು, ಹೋದವು. ಕರೆಂಟು ಕಂಬಗಳು ಒಂದೊಂದಾಗಿ ಹತ್ತಿರ ಬಂದು ಮಾತಾಡಿಸದೆ ಸರಿದವು. ನಾನು ಎಂದಿನಂತೆ ಶುರುಮಾಡಿದೆ: ಕರ್ತನೇ, ಬಸ್ ಸ್ಟ್ಯಾಂಡಿನಿಂದ ಆಟೋ, ಎಡಕ್ಕೆ ತಿರುಗಿದರೆ... ಎಡಕ್ಕೆ ಏನಿತ್ತು? ನೀರಿತ್ತು. ಮಂಜಿನಲ್ಲಿ ಒಂದು ದೋಣಿಯಿತ್ತು. ಎಲ್ಲೋ ದೂರದಲ್ಲಿ ಲಾರಿಯೊಂದು ಹಾರನ್ ಹೊಡೆಯುತ್ತಿತ್ತು, ಅದಕ್ಕೆ ದಾರಿ ಹೇಳಬೇಕೆಂದು ಯಾಕೋ ಅನ್ನಿಸಲಿಲ್ಲ. ದೋಣಿಯಲ್ಲಿ ಮಲಗಿದ್ದವರು ದಿಂಬನ್ನು ಸ್ವಲ್ಪ ಸರಿಸಿ ನನಗೂ ಜಾಗ ಕೊಟ್ಟರು.

ಕಣ್ಣು ಬಿಟ್ಟಾಗ ಬಸ್ಸು ಶಿವಮೊಗ್ಗದಲ್ಲಿ ನಿಂತು ಖಾಲಿಯಾಗಿತ್ತು. ನನ್ನ ತಲೆ ಸುಗುಣಳ ಭುಜದ ಮೇಲಿತ್ತು. ಅವಳು ಅಲುಗಾಡದೆ ಕೂತಿದ್ದಳು. ಕಂಡಕ್ಟರ್ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ.

"ಎಬ್ಬಿಸಬಾರದಾ?" ಎಂದೆ ನಾಚಿಕೆಯಿಂದ.

ವರದಿ ಒಳ್ಳೆಯದೇ ಬಂತು, ಗಂಟು ಕೆಟ್ಟದ್ದಲ್ಲವಂತೆ. ನಿಮ್ಮ ನಿದ್ದೆಯನ್ನೂ ಕೆಡಿಸುವುದು ಬೇಡವೆಂದು ಈಗಲೇ ಹೇಳಿಬಿಡುತ್ತಿದ್ದೇನೆ. ಆ ಹೊತ್ತಿಗೆ ಮಾತ್ರ ಅದಿನ್ನೂ ಲ್ಯಾಬಿನಲ್ಲೇ ಇತ್ತು, ನಮ್ಮಿಬ್ಬರಿಗೂ ಏನೂ ಗೊತ್ತಿರಲಿಲ್ಲ. ಸುಗುಣ ಜೋಮು ಹಿಡಿದ ಭುಜವನ್ನು ನೀವಿಕೊಂಡು ಎದ್ದಳು.

"ನಾನು ಕೇಳಿದ್ದು ಸಿಕ್ತು" ಎಂದಳು. "ಬನ್ನಿ, ನೀವು ಕೇಳಿದ್ದನ್ನ ನೋಡ್ಕೊಂಡು ಬರೋಣ. ದಾರಿ ಹೇಗೂ ನಿಮಗೆ ಗೊತ್ತಲ್ಲ."