ಕಾಶವ್ವನ ಶಾಬಾಸ್‌ಗಿರಿ

ನಾನು ಕೊಟ್ಟ ಟ್ರೇನಿಂಗಿನ ರಿಸಲ್ಟು ಹೋದ ವಾರ ಬಂತು, ಮೆಣಸಿನಕಾಯಿ ಘಾಟಿನ ರೂಪದಲ್ಲಿ. ನಗಬೇಡಿ, ಇನ್ನೂ ಕೆಮ್ಮುತ್ತಿದ್ದೇನೆ.

ಶಾಲೆಯ ಅಡುಗೆಯವರು, ಆಯಾಗಳು, ವ್ಯಾನ್ ಡ್ರೈವರ್‌ಗಳಿಗೆ ಹಟಮಾರಿ ಮಕ್ಕಳನ್ನು ಸಂಭಾಳಿಸುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ಜಮಖಂಡಿಯ ಟ್ರೇನಿಂಗಿನಲ್ಲಿ ಹೇಳಿದ್ದು ಇಷ್ಟೇ: ಬೈಯಬೇಡಿ. ಮಗು ಒಳ್ಳೆಯದು ಮಾಡಿದ ಕೂಡಲೇ ಎಲ್ಲರೆದುರು ಹೊಗಳಿ. (ಸ್ಲೈಡಿನಲ್ಲಿ ಚಪ್ಪಾಳೆಯ ಚಿತ್ರವೂ ಇತ್ತು!)

ಮಹಾಲಿಂಗಪುರದ ಕಡೆಯ ಶಾಲೆಯೊಂದರ ಅಡುಗೆಯಾಕೆ ಕಾಶವ್ವ ಅದನ್ನು ಚಾಚೂ ತಪ್ಪದೆ ಪಾಲಿಸಿಬಿಟ್ಟಳು. ದಿನಾ ತಾಟು ಎಸೆಯುವ ಭಾಗ್ಯಾ ಎಂಬ ಪುಟ್ಟ ಹುಡುಗಿ ಅವತ್ತು ಪೂರ್ತಿ ಉಂಡಳು. ಕಾಶವ್ವ ಪಂಕ್ತಿಯ ನಡುವೆ ನಿಂತು ಕೂಗಿದಳು: "ನೋಡ್ರಿ, ನಮ್ಮ ಭಾಗ್ಯಾ ಒಂದ ಅಗಳೂ ಚೆಲ್ಲದ ತಾಟ ಖಾಲಿ ಮಾಡ್ಯಾಳ. ಶಾಬಾಸ್!" ಭರ್ಜರಿ ಚಪ್ಪಾಳೆ.

ಸಂಜೆ ಭಾಗ್ಯಾಗೆ ಜ್ವರ.

ಮರುದಿನ ಮೊಮ್ಮಗಳನ್ನು ಎತ್ತಿಕೊಂಡೇ ಅಜ್ಜಿ ಶಾಲೆಗೆ ನುಗ್ಗಿದಳು. "ಉಣ್ಣೂ ಕೂಸಿಗೆ ಕಣ್ಣ ಹಚ್ಚಿದಾಕಿ ಎಲ್ಲದಾಳ? ಆಕೀನ ಕೆಲಸದಿಂದ ತಗೀರಿ!"

ನಮ್ಮ ಕಡೆ ಉಣ್ಣುವ ಮಗುವನ್ನು ಹೊಗಳುವುದುಂಟೇ? ಬೈದರೇ ಪ್ರೀತಿ. ನಾನೂ ಇದೇ ನೆಲದವಳು, ಗೊತ್ತಿರಲಿಲ್ಲವೇ? ಸ್ಲೈಡ್ ಮಾಡುವಾಗ ಎಲ್ಲ ಮರೆತುಹೋಗುತ್ತದೆ ನೋಡಿ.

ಶಾಲೆಯಿಂದ ಫೋನ್ ಬಂತು, ಓಡಿದೆ. ಹೆಡ್ ಮಾಸ್ತರರ ಕೋಣೆಯಲ್ಲಿ ಅಜ್ಜಿ, ಮೊಮ್ಮಗಳು, ಶಿಕ್ಷಕರೆಲ್ಲ ಸೇರಿದ್ದರು. "ತಗದ್ರ ಛಲೋ ಅನಸ್ತೈತ್ರಿ" ಎಂದರು ಹೆಡ್ ಮಾಸ್ತರು. ಕಾಶವ್ವ ಕಣ್ಣು ತುಂಬಿಕೊಂಡು, "ನೀವ ಹೇಳಿದ್ದ ಮಾಡೇನ್ರಿ ಅಕ್ಕಾರ" ಎಂದಳು. ಲ್ಯಾಪ್‌ಟಾಪ್ ತೆರೆದು ಅಜ್ಜಿಗೆ ಸ್ಲೈಡ್ ತೋರಿಸಿದೆ. (ಬೇರೆ ಏನು ಬರುತ್ತದೆ ನನಗೆ?)

"ಹೊಗಳಿದ್ದಕ್ಕ ಸಿಟ್ಟಿಲ್ಲ ಯವ್ವಾ" ಎಂದಳು ಅಜ್ಜಿ. "ಹೊಗಳಿದ ಮ್ಯಾಲ ದೃಷ್ಟಿ ತಗಿಬೇಕಂತ ಯಾಕ ಕಲಸಲಿಲ್ಲ ನೀ?"

ಲ್ಯಾಪ್‌ಟಾಪ್ ಮುಚ್ಚಿದೆ. ದೃಷ್ಟಿ ತೆಗೆಯಲೆಂದು ಎಲ್ಲರೂ ಅಡುಗೆಮನೆಗೆ ನಡೆದೆವು. ಕಾಶವ್ವ ಉಪ್ಪು, ಒಣಮೆಣಸಿನಕಾಯಿ ಹಿಡಿದು ಭಾಗ್ಯಾಗೆ ನಿವಾಳಿಸಿ ಒಲೆಯ ಉರಿಗೆ ಹಾಕಿದಳು. ದೃಷ್ಟಿ ಆಗಿದ್ದರೆ ಘಾಟು ಏಳುವುದಿಲ್ಲವಂತೆ. ಆದರೆ ಎದ್ದಿತು ನೋಡಿ ಘಾಟು! ಹೆಡ್ ಮಾಸ್ತರು, ಶಿಕ್ಷಕರು, ನಾನು, ಎಲ್ಲರೂ ಕೆಮ್ಮುತ್ತ ಹೊರಗೋಡಿದೆವು.

ಅಜ್ಜಿಯೂ ಕೆಮ್ಮಿದಳು. "ದೃಷ್ಟಿ ಆಗಿಲ್ಲ ಬಿಡ್ರಿ. ಬರೇ ಜ್ವರ. ಇರಲಿ ಆಕಿ."

ಪಿಪಿಟಿ ಉಳಿಸದ ನೌಕರಿಯನ್ನು ಮೆಣಸಿನಕಾಯಿ ಉಳಿಸಿತು. ಅಂತೂ ನನ್ನ ಜೀವಕ್ಕೆ ನೆಮ್ಮದಿ.

ಆದರೆ ದಿನಾ ಆಕೆಯ ಸಾರು ಸುರ್ರನೆ ಕುಡಿಯುವ ಶಿಕ್ಷಕರಲ್ಲಿ ಒಬ್ಬರೂ ಅವತ್ತು ಕಾಶವ್ವನ ಬಗ್ಗೆ ಒಂದು ಒಳ್ಳೆ ಮಾತು ಆಡಲಿಲ್ಲ. ಎಲ್ಲಿ ದೃಷ್ಟಿಯಾದೀತೋ ಎಂದು ಹೆದರಿದರೇ?